ಗೀಟು ಎಳೆದ ಬೆಲೆಗೆ ಯಾರಾದರೂ ಕೊಂಡಿದ್ದಾರಾ?

ಮಾನ್ಯ ಸಂಪಾದಕರೇ,

ದೀಪಾವಳಿಗೆ ಒಂದು ವಾರ ಮುಂಚೆ, ಶುಕ್ರವಾರ, ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟದ ಒಂದು ಜಾಹೀರಾತು ಬಂದಿತ್ತು. ಹುಬ್ಬಳ್ಳಿಯ ಸೈಕಲ್ ಸಾಮಾನಿನ ಅಂಗಡಿಯದು. ‘ಶೇ 70ರವರೆಗೆ ರಿಯಾಯಿತಿ’ ಅಂತ ಇತ್ತು. 70 ಅನ್ನೋದು ಅಂಗೈ ಅಗಲ. ‘ರವರೆಗೆ’ ಅನ್ನೋದು ಸಾಸಿವೆ ಕಾಳಿನಷ್ಟು. ಕೆಳಗೆ ಮೂರು ಚಿತ್ರ. ಹೆಲ್ಮೆಟ್, 2,999ಕ್ಕೆ ಗೀಟು ಎಳೆದು 1,199. ಸೈಕಲ್‌ಗೆ ಹಿಂದೆ ಮುಂದೆ ಹಾಕುವ ದೀಪದ ಜೋಡಿ, 1,899ಕ್ಕೆ ಗೀಟು ಎಳೆದು 599. ಮಳೆ ಜಾಕೆಟ್, 2,499ಕ್ಕೆ ಗೀಟು ಎಳೆದು 899. ಆ ತುಂಡನ್ನು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಂಡು ಭಾನುವಾರ ಹುಬ್ಬಳ್ಳಿಗೆ ಹೋದೆ. ಅಲ್ಲಿ ಆದದ್ದು, ಮನೆಗೆ ಬಂದ ಮೇಲೆ ಗೊತ್ತಾದದ್ದು ಎರಡನ್ನೂ ನಿಮಗೆ ಬರೆಯಲೇಬೇಕು ಅನಿಸಿತು. ಪತ್ರ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ 23 ವರ್ಷದಿಂದ ಗುಮಾಸ್ತ. ಬೆಳಿಗ್ಗೆಯಿಂದ ಸಂಜೆವರೆಗೆ ಬೆಲೆ ಬರೆಯೋದೇ ನನ್ನ ಕೆಲಸ. ಮನೆಯಿಂದ ವಖಾರಿಗೆ ಸೈಕಲ್‌ನಲ್ಲೇ ಹೋಗುತ್ತೇನೆ. ಮೂರು ವರ್ಷದ ಹಿಂದೆ ಗೇರ್ ಸೈಕಲ್ ತೆಗೆದುಕೊಂಡೆ. ಅಲ್ಲಿಂದ ಭಾನುವಾರದ ಸವಾರಿ ಶುರುವಾಯಿತು. ಪಿಯುಸಿ ಓದುವ ಮಗಳೂ ಜೊತೆಗೆ ಬರುತ್ತಾಳೆ. ಒಂದು ವಾರ ಬನವಾಸಿ ಕಡೆ, ಇನ್ನೊಂದು ವಾರ ಯಲ್ಲಾಪುರ ರಸ್ತೆ ಹಿಡಿದು ಸಹಸ್ರಲಿಂಗದ ಕಡೆ. ಶಾಲ್ಮಲಾ ಹೊಳೆ ಹತ್ತಿರ ಕೂತು ಮನೆಯಿಂದ ಕಟ್ಟಿಕೊಂಡು ಹೋದ ದೋಸೆ ತಿಂದು ವಾಪಸ್ ಬರುತ್ತೇವೆ.

ಸೆಪ್ಟೆಂಬರ್‌ನಲ್ಲಿ ಹಾಗೆ ವಾಪಸ್ ಬರುವಾಗ ಒಂದು ತಿರುವಿನಲ್ಲಿ ಮಳೆಗೆ ಎದ್ದು ಬಂದ ಜಲ್ಲಿ ಮೇಲೆ ಮಗಳ ಮುಂದಿನ ಚಕ್ರ ಜಾರಿತು. ಮೊಣಕೈ ತರಚಿತು, ಚೂಡಿದಾರ ಹರಿಯಿತು. ಅಷ್ಟೇ ಅಂದುಕೊಂಡು ಅವಳನ್ನು ಎತ್ತುವಾಗ ನೋಡಿದೆ. ರಸ್ತೆ ಅಂಚಿನಲ್ಲಿ ನೆಟ್ಟಿದ್ದ ಕಲ್ಲು ಅವಳ ತಲೆಯಿಂದ ಒಂದು ಗೇಣು ದೂರದಲ್ಲಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೈಕ್ ಹತ್ತುವಾಗ ತಪ್ಪದೇ ಹೆಲ್ಮೆಟ್ ಹಾಕುವ ನಾನು ಮೂರು ವರ್ಷ ಮಗಳನ್ನು ಬರಿತಲೆಯಲ್ಲಿ ಸೈಕಲ್ ಹತ್ತಿಸಿದ್ದೆ.

ಮರುದಿನವೇ ನಮ್ಮೂರ ಸೈಕಲ್ ಅಂಗಡಿಗೆ ಹೋದೆ. ಅಲ್ಲಿ ಟ್ಯೂಬು, ಟಯರು, ಬ್ರೇಕ್ ಕೇಬಲ್ಲು ಎಲ್ಲ ಸಿಗುತ್ತದೆ. ಸೈಕಲ್ ಹೆಲ್ಮೆಟ್ ಕೇಳುವವರು ಕಡಿಮೆ, ಅದಕ್ಕೆ ಇಡುವುದಿಲ್ಲ. ಅಂಗಡಿಯವರು ಫೋನ್‌ನಲ್ಲಿ ಚಿತ್ರ ತೋರಿಸಿ ಹೇಳಿದರು: ‘ಇದು ತರಿಸಿ ಕೊಡ್ತೇನೆ ಮಾರಾಯ್ರೇ. 1,250 ಆಗ್ತದೆ. ನಂಗೆ ಉಳಿಯೋದು ನೂರು ರೂಪಾಯಿ.’ ಒಳಗಡೆ ಇಎನ್ 1078 ಅನ್ನುವ ಗುರುತು ಇದೆಯಾ ನೋಡಿ ತೆಗೆದುಕೊಳ್ಳಿ ಅಂತ ಹೇಳಿಕೊಟ್ಟವರೂ ಅವರೇ. ಅದು ಸೈಕಲ್ ಹೆಲ್ಮೆಟ್‌ಗೆ ಇರುವ ಯುರೋಪಿನ ಮಾನದಂಡ. ಬೈಕ್ ಹೆಲ್ಮೆಟ್‌ಗೆ ನಾವು ಐಎಸ್‌ಐ ಮುದ್ರೆ ನೋಡುತ್ತೇವಲ್ಲ, ಹಾಗೆ. ಯೋಚನೆ ಮಾಡಿ ಹೇಳುತ್ತೇನೆ ಅಂತ ಬಂದೆ. ಅಷ್ಟರಲ್ಲಿ ಈ ಜಾಹೀರಾತು ಬಂತು. 1,250ಕ್ಕೆ 1,250ರ ಮಾಲು ತರುವ ಬದಲು 1,199ಕ್ಕೆ 3,000 ರೂಪಾಯಿಯ ಮಾಲು ಬರುತ್ತದಲ್ಲ ಅಂದುಕೊಂಡೆ. ಮಗಳ ತಲೆ ಕಾಯುವ ವಸ್ತು. ಒಳ್ಳೆಯದೇ ಇರಲಿ ಅನಿಸಿತು. ಊರಿನ ಅಂಗಡಿಯವರಿಗೆ ಬೇಡ ಅಂತ ಹೇಳಿಬಿಟ್ಟೆ.

ಶಿರಸಿಯಿಂದ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹತ್ತಿರ ಹತ್ತಿರ 100 ಕಿಲೋಮೀಟರ್. ಬೆಳಗಿನ ಬಸ್ಸಿಗೆ ಹೊರಟೆವು. ಅಂಗಡಿ ಬಾಗಿಲು ತೆರೆದು ಅರ್ಧ ಗಂಟೆಯೂ ಆಗಿರಲಿಲ್ಲ, ನಾವು ಒಳಗಿದ್ದೆವು. ಮೊದಲು ದೀಪ ಕೇಳಿದೆ. ಚಳಿಗಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಎಂಟರವರೆಗೂ ಇಬ್ಬನಿ ಬಿಡುವುದಿಲ್ಲ. ಹಿಂದೆ ಕೆಂಪು ದೀಪ ಇಲ್ಲದಿದ್ದರೆ ಲಾರಿಯವರಿಗೆ ಸೈಕಲ್ ಕಾಣುವುದೇ ಇಲ್ಲ.

‘ಅದು ಖಾಲಿ ಆಗೇತ್ರಿ ಸರ್. ಐದ ಪೀಸ್ ಇದ್ವು, ಶುಕ್ರವಾರನ ಮುಗದ್ವು’ ಅಂದ ಅಂಗಡಿಯ ಹುಡುಗ. ಶುಕ್ರವಾರ ಅಂದರೆ ಪತ್ರಿಕೆ ಬಂದ ದಿನ. ಉತ್ತರ ಕನ್ನಡ, ಹಾವೇರಿ, ಗದಗ, ಧಾರವಾಡ ಇಷ್ಟೂ ಕಡೆ ಓದುವ ಪತ್ರಿಕೆಯಲ್ಲಿ ಅರ್ಧ ಪುಟ ಜಾಹೀರಾತು. ಅಂಗಡಿಯಲ್ಲಿ ಇದ್ದದ್ದು ಐದು ಜೋಡಿ ದೀಪ. ಅದರ ಬದಲು 1,450ರ ಇನ್ನೊಂದು ದೀಪ ತೋರಿಸಿದ. ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಮಳೆ ಜಾಕೆಟ್ ಇತ್ತು. ಆದರೆ 899ಕ್ಕೆ ಬೇಕಾದರೆ ಬೇರೆ ಸಾಮಾನು 5,000ಕ್ಕಿಂತ ಜಾಸ್ತಿ ಕೊಳ್ಳಬೇಕಂತೆ. ಜಾಹೀರಾತಿನಲ್ಲಿ ಹಾಗೆ ಇಲ್ಲವಲ್ಲ ಅಂದೆ. ಇದೆ ಅಂದ. ಕಿಸೆಯಿಂದ ತುಂಡು ತೆಗೆದು ಹರಡಿದೆ. ಬೆಲೆಯ ಪಕ್ಕ ಒಂದು ನಕ್ಷತ್ರ ಇತ್ತು, ನಿಜ. ಪುಟದ ತಳದಲ್ಲಿ ಬೂದು ಬಣ್ಣದ ಒಂದು ಸಾಲು ಕೂಡ ಇತ್ತು. ಅದನ್ನು ನಾನು ಬಾರ್ಡರ್ ಅಂದುಕೊಂಡಿದ್ದೆ. ಮಗಳು ಫೋನ್‌ನಲ್ಲಿ ಫೋಟೋ ತೆಗೆದು ಬೆರಳಿನಿಂದ ಹಿಗ್ಗಿಸಿದಾಗ ಅದು ಬಾರ್ಡರ್ ಅಲ್ಲ, ಇಂಗ್ಲಿಷಿನ ನಾಲ್ಕು ವಾಕ್ಯ ಅಂತ ಗೊತ್ತಾಯಿತು. ರಿಯಾಯಿತಿ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ. ಇನ್ನು ಆ ಶೇ 70 ಎಲ್ಲಿ ಅಂತ ಕೇಳಿದ್ದಕ್ಕೆ ಮೂಲೆಯ ಬುಟ್ಟಿ ತೋರಿಸಿದ. ಚಿಕ್ಕ ಮಕ್ಕಳ ಅಳತೆಯ ಕೈಗವಸುಗಳು ಇದ್ದವು.

ಹೆಲ್ಮೆಟ್ ಮಾತ್ರ ಹೇಳಿದ ಬೆಲೆಗೆ ಸಿಕ್ಕಿತು. ಮಗಳ ತಲೆಗೆ ಸರಿಯಾಗಿ ಕೂತಿತು. 1,800 ರೂಪಾಯಿ ಉಳಿಯಿತು ಅನ್ನುವ ಖುಷಿಯಲ್ಲಿ ಅವಳಿಗೆ ಒಂದು ಜೊತೆ ಕೈಗವಸು 350ಕ್ಕೆ, ಸ್ಟ್ಯಾಂಡ್ ಸಮೇತ ನೀರಿನ ಬಾಟಲಿ 240ಕ್ಕೆ ಕೊಡಿಸಿದೆ. ಇವೆರಡೂ ಪಟ್ಟಿಯಲ್ಲಿ ಇರಲಿಲ್ಲ. ಅವನ್ನು ಕೊಂಡದ್ದು ನನ್ನ ಕಿಸೆಯ ದುಡ್ಡಿನಿಂದಲೇ. ಆದರೂ ಆ ಹೊತ್ತಿಗೆ ಉಳಿದ ದುಡ್ಡಿನಿಂದ ಕೊಂಡ ಹಾಗೆ ಅನಿಸಿತ್ತು.

ರಾತ್ರಿ ಮನೆಯಲ್ಲಿ ಡಬ್ಬಿ ಬಿಚ್ಚಿ ನೋಡುತ್ತಿದ್ದಾಗ ಮಗಳು ಕರೆದಳು. ‘ಅಪ್ಪಾ, ಇಲ್ನೋಡು. ಈ ಸ್ಟಿಕರ್ ಕೆಳಗೆ ಇನ್ನೊಂದು ಏನೋ ಇದೆ.’

ಡಬ್ಬಿಯ ಪಕ್ಕದಲ್ಲಿ ಬಿಳಿ ಸ್ಟಿಕರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಎಂಆರ್‌ಪಿ 2,999, ಎಲ್ಲ ತೆರಿಗೆ ಸೇರಿ, ಅಂತ ಅದರ ಮೇಲೆ. ಬಸ್ಸಿನಲ್ಲಿ ಬರುವಾಗ ಮಳೆ ಹನಿ ತಾಗಿ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಎತ್ತಿದರೆ ಡಬ್ಬಿಯ ಕಾಗದವೇ ಹರಿದು ಬರುತ್ತಿತ್ತು. ನನ್ನ ಹೆಂಡತಿ ಚಹಾಕ್ಕೆ ನೀರು ಇಟ್ಟಿದ್ದಳು. ಮಗಳು ಡಬ್ಬಿಯ ಆ ಬದಿಯನ್ನು ಪಾತ್ರೆಯ ಹಬೆಗೆ ಹಿಡಿದಳು. ಅಂಟು ಮೆತ್ತಗಾಯಿತು. ನಿಧಾನಕ್ಕೆ, ಗಾಯದ ಪಟ್ಟಿ ಬಿಚ್ಚುವ ಹಾಗೆ, ಒಂದು ತುದಿಯಿಂದ ಬಿಚ್ಚಿಕೊಂಡು ಹೋದೆವು. ಮೊದಲು ಕಾಣಿಸಿದ್ದು ತಯಾರಾದ ತಿಂಗಳು, ವರ್ಷ. ಆಮೇಲೆ ಆಮದು ಮಾಡಿದವರ ವಿಳಾಸ. ಕೊನೆಗೆ ಡಬ್ಬಿಯ ಮೇಲೇ ಅಚ್ಚಾದ ಬೆಲೆ. ಎಂಆರ್‌ಪಿ 1,299.

ನಾನು ಎರಡು ಸಲ ಓದಿದೆ. ಮಗಳು ಕ್ಯಾಲ್ಕ್ಯುಲೇಟರ್ ತೆಗೆದಳು. 1,299ರಲ್ಲಿ 1,199 ಕಳೆದರೆ 100. ಶೇಕಡಾ ಎಂಟೂ ಇಲ್ಲ. ಜಾಹೀರಾತಿನಲ್ಲಿ ಇದ್ದದ್ದು ಶೇ 60. ಕುಮಟಾದಲ್ಲಿರುವ ನನ್ನ ಷಡ್ಡಕನೂ ಸೈಕಲ್ ಹೊಡೆಯುತ್ತಾನೆ. ಅವನಿಗೆ ಫೋಟೋ ಕಳಿಸಿದೆ. ಅದೇ ಹೆಲ್ಮೆಟ್, ಅದೇ ಬಣ್ಣ, ಹೋದ ವರ್ಷ ಬೇರೆ ಕಡೆ 1,150ಕ್ಕೆ ತೆಗೆದುಕೊಂಡಿದ್ದನಂತೆ. ಯಾವ ಸೇಲೂ ಇಲ್ಲದ ದಿನ.

ಮಾರನೇ ದಿನ ಅಂಗಡಿಗೆ ಫೋನ್ ಮಾಡಿದೆ. ಮಾಲೀಕರು ಸಿಟ್ಟು ಮಾಡಲಿಲ್ಲ. ಸಮಾಧಾನವಾಗಿಯೇ ಮಾತಾಡಿದರು. ಮಾಲು ಮೇಲಿನವರಿಂದ ಬರುವಾಗಲೇ ಸ್ಟಿಕರ್ ಹಾಗೆ ಇತ್ತು ಅಂದರು. ಆಮೇಲೆ ಕೇಳಿದರು: ‘ನಿಮಗ ಲುಕ್ಸಾನ ಏನ್ ಆತು ಹೇಳ್ರಿ? 1,199 ಅಂದಿದ್ವಿ, 1,199ಕ್ಕ ಕೊಟ್ವಿ.’

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟ ಮೇಲೆ ಮೂರು ದಿನ ಅದೇ ಪ್ರಶ್ನೆ ತಲೆಯಲ್ಲಿ ಇತ್ತು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ ಉತ್ತರ ಕೊಡಲಿಕ್ಕೆ.

ಹೆಲ್ಮೆಟ್ ಕೆಟ್ಟದ್ದಲ್ಲ. ಒಳಗೆ ಇಎನ್ 1078 ಗುರುತು ಇದೆ, ಹಿಂದೆ ಬಿಗಿ ಮಾಡುವ ಗುಂಡಿ ಇದೆ, ಪಟ್ಟಿ ಗಟ್ಟಿ ಇದೆ. 1,199 ಅದಕ್ಕೆ ನ್ಯಾಯವಾದ ಬೆಲೆ. ‘ಒಳ್ಳೆಯ ಹೆಲ್ಮೆಟ್, 1,199’ ಅಂತ ಅಷ್ಟೇ ಹಾಕಿದ್ದರೆ ನಾನು ಊರಿನಲ್ಲೇ 1,250 ಕೊಟ್ಟು ತರಿಸುತ್ತಿದ್ದೆ. 51 ರೂಪಾಯಿಗಾಗಿ ಯಾರೂ ಹುಬ್ಬಳ್ಳಿಗೆ ಹೋಗುವುದಿಲ್ಲ. ಇಬ್ಬರ ಬಸ್ ಚಾರ್ಜು, ಒಂದು ಭಾನುವಾರ, ಬೇಡದ 590 ರೂಪಾಯಿಯ ಸಾಮಾನು, ಇವೆಲ್ಲ ಹೋದದ್ದು ಆ ಗೀಟು ಎಳೆದ 2,999ರಿಂದ. ಇದು ನನ್ನ ಲುಕ್ಸಾನು.

ನನಗಿಂತ ಜಾಸ್ತಿ ಲುಕ್ಸಾನು ಆದದ್ದು ನಮ್ಮೂರ ಅಂಗಡಿಯವರಿಗೆ. ಅವರು ನಿಜದ ಬೆಲೆ ಹೇಳಿದರು, ತಮಗೆ ಎಷ್ಟು ಉಳಿಯುತ್ತದೆ ಅಂತಲೂ ಬಾಯಿಬಿಟ್ಟು ಹೇಳಿದರು. ಯಾವ ಗುರುತು ನೋಡಬೇಕು ಅಂತ ಹೇಳಿಕೊಟ್ಟರು. ವ್ಯಾಪಾರ ಮಾತ್ರ ಅವರಿಗೆ ಆಗಲಿಲ್ಲ. ಅವರೂ 3,500ಕ್ಕೆ ಗೀಟು ಎಳೆದು 1,250 ಅಂತ ಚೀಟಿ ಅಂಟಿಸಿದ್ದರೆ ನಾನು ಅಲ್ಲೇ ದುಡ್ಡು ಎಣಿಸಿ ಕೊಡುತ್ತಿದ್ದೆನೋ ಏನೋ. ಹೀಗೇ ಆದರೆ ಸಣ್ಣ ಊರಿನ ಅಂಗಡಿಯವರು ಒಂದೋ ತಾವೂ ಸುಳ್ಳು ಬೆಲೆ ಬರೆಯಬೇಕು, ಇಲ್ಲಾ ಬಾಗಿಲು ಹಾಕಬೇಕು. ಪಂಕ್ಚರ್ ಆದಾಗ, ಚೈನ್ ತುಂಡಾದಾಗ ನಾವು ಸೈಕಲ್ ತಳ್ಳಿಕೊಂಡು ಹೋಗುವುದು ಅವರ ಹತ್ತಿರವೇ ಅಲ್ವಾ?

ಇನ್ನೊಂದು ಮಾತಿದೆ, ಇದು ನನ್ನನ್ನು ಜಾಸ್ತಿ ಕಾಡಿದ್ದು. ಹೆಲ್ಮೆಟ್ ಒಳಗಿನ ಥರ್ಮಾಕೋಲ್ ಹೇಗಿದೆ, ಪೆಟ್ಟು ಎಷ್ಟು ತಡೆಯುತ್ತದೆ ಅಂತ ನನ್ನಂಥವನು ಕಣ್ಣಿನಿಂದ ನೋಡಿ ಹೇಳಲಾರೆ. ಅದಕ್ಕೇ ಬೆಲೆ ನೋಡುತ್ತೇವೆ. 3,000ದ ಮಾಲು 1,300ರ ಮಾಲಿಗಿಂತ ಗಟ್ಟಿ ಇರಬಹುದು ಅಂತ ನಂಬುತ್ತೇವೆ. ಗೀಟು ಎಳೆದ ಆ ಅಂಕಿ ಮಾಲಿನ ಗುಣದ ಬಗ್ಗೆ ನನಗೆ ಒಂದು ಮಾತು ಹೇಳಿತ್ತು. ಅದು ಸುಳ್ಳು ಮಾತು. ಅಂಗಿ, ಚಪ್ಪಲಿ ವಿಷಯದಲ್ಲಿ ಹಾಗೆ ಆದರೆ ಹೋಗಲಿ ಅನ್ನಬಹುದು. ತಲೆ ಕಾಯುವ ವಸ್ತುವಿನಲ್ಲಿ, ಬ್ರೇಕಿನಲ್ಲಿ, ರಾತ್ರಿ ದೀಪದಲ್ಲಿ ಹಾಗೆ ಆಗಬಾರದು.

ನಮ್ಮ ವಖಾರಿಯ ಕ್ರಮ ಹೇಳುತ್ತೇನೆ. ಘಟ್ಟದ ಮೇಲಿನ ಓದುಗರಿಗೆ ಇದು ಹೊಸದಲ್ಲ, ಕರಾವಳಿಯವರಿಗೆ ಗೊತ್ತಿಲ್ಲದೇ ಇರಬಹುದು. ಬೆಳಿಗ್ಗೆ ರೈತರು ಚೀಲ ತಂದು ಇಳಿಸುತ್ತಾರೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯ ಬಗೆ ಎಲ್ಲ ಬೇರೆ ಬೇರೆ. ಒಂದೊಂದು ಲಾಟ್‌ಗೂ, ಅಂದರೆ ಒಟ್ಟಿಗೆ ಮಾರುವ ಮಾಲಿಗೂ, ಒಂದು ನಂಬರ್. ವ್ಯಾಪಾರಿಗಳು ಬಂದು ಚೀಲಕ್ಕೆ ಕೈ ಹಾಕಿ ತಳದಿಂದ ಹಿಡಿ ತೆಗೆಯುತ್ತಾರೆ. ಒಂದೆರಡು ಒಡೆದು ನೋಡುತ್ತಾರೆ. ಮೇಲೆ ಒಳ್ಳೆಯದು ಹಾಕಿ ಕೆಳಗೆ ಬೇರೆ ತುಂಬಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಚೀಟಿಯಲ್ಲಿ ದರ ಬರೆದು ಹಾಕುತ್ತಾರೆ. ಟೆಂಡರ್ ಬಿಚ್ಚಿದಾಗ ಜಾಸ್ತಿ ಬರೆದವರಿಗೆ ಮಾಲು. ದರ ಒಪ್ಪಿಗೆ ಆಗದಿದ್ದರೆ ಈ ಸಲ ಕೊಡುವುದಿಲ್ಲ ಅಂತ ರೈತರು ಹೇಳಬಹುದು. ಹಾಗೆ ಹೇಳುವವರೂ ಇದ್ದಾರೆ. ಇದೆಲ್ಲ ನಾನು ಪುಸ್ತಕದಲ್ಲಿ ಬರೆಯುತ್ತೇನೆ.

ಮರುದಿನ ಅದು ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ, ಅಡಿಕೆ ಧಾರಣೆ ಅಂತ. ಕನಿಷ್ಠ, ಗರಿಷ್ಠ, ಸರಾಸರಿ. ಆ ಮೂರು ಅಂಕಿಯನ್ನು ನೋಡಿ ಸಿದ್ದಾಪುರದವರೂ ಯಲ್ಲಾಪುರದವರೂ ಮಾಲು ತರಬೇಕಾ, ಇನ್ನೂ ಒಂದು ತಿಂಗಳು ಇಡಬೇಕಾ ಅಂತ ನಿರ್ಧಾರ ಮಾಡುತ್ತಾರೆ. ಗರಿಷ್ಠ ಅಂತ ಬರೆದರೆ ಆ ದರಕ್ಕೆ ಒಬ್ಬರು ಕೊಟ್ಟಿದ್ದಾರೆ, ಒಬ್ಬರು ತೆಗೆದುಕೊಂಡಿದ್ದಾರೆ ಅಂತ ಅರ್ಥ. ಯಾರೂ ಕೊಡದ ದರವನ್ನು ಗರಿಷ್ಠ ಅಂತ ನಾನು ಒಂದು ದಿನ ಬರೆದರೆ ಸಂಜೆ ಒಳಗೆ ನನ್ನ ಕೆಲಸ ಹೋಗುತ್ತದೆ. ಹೋಗಲೇಬೇಕು. ಧಾರಣೆ ಬರುವ ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ, ಅದೇ ದಿನ, ಯಾರೂ ಯಾವತ್ತೂ ಕೊಡದ ಬೆಲೆಯೊಂದು ಅಚ್ಚಾಗಿತ್ತು. ನಾನು ಧಾರಣೆಯನ್ನು ನಂಬುವ ಹಾಗೆ ಅದನ್ನೂ ನಂಬಿದೆ.

ಕಾನೂನು ಇಲ್ಲ ಅಂತ ಅಂದುಕೊಂಡಿದ್ದೆ. ಇದೆ. ಪೊಟ್ಟಣದ ಸಾಮಾನಿನ ಬಗ್ಗೆ 2011ರ ನಿಯಮಗಳಿವೆ. ಅಚ್ಚಾದ ಎಂಆರ್‌ಪಿಯನ್ನು ಅಂಗಡಿಯವರು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಬೆಲೆ ಇಳಿಸಲಿಕ್ಕೆ ಮಾತ್ರ ಸ್ಟಿಕರ್ ಹಾಕಬಹುದು, ಅದೂ ಹಳೆಯ ಬೆಲೆ ಮುಚ್ಚದ ಹಾಗೆ. ನಮ್ಮ ಡಬ್ಬಿಯಲ್ಲಿ ಆದದ್ದು ಇದರ ಪೂರ್ತಿ ಉಲ್ಟಾ. ಏರಿಸಲಿಕ್ಕೆ ಸ್ಟಿಕರ್, ಹಳೆಯದನ್ನು ಮುಚ್ಚುವ ಸ್ಟಿಕರ್. ಇದನ್ನು ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ. ನಮ್ಮ ವಖಾರಿಯ ತೂಕದ ಯಂತ್ರಕ್ಕೆ ಮುದ್ರೆ ಹಾಕುವವರೂ ಅವರೇ. ನಮ್ಮ ತೂಕದಲ್ಲಿ ಸ್ವಲ್ಪ ವ್ಯತ್ಯಾಸ ಬಂದರೂ ಅವರು ಬಿಡುವುದಿಲ್ಲ. ಒಂದು ಡಬ್ಬಿಯಲ್ಲಿ 1,700 ರೂಪಾಯಿಯ ವ್ಯತ್ಯಾಸ ಇದೆ ಅಂತ ಅವರಿಗೂ ಬರೆದಿದ್ದೇನೆ.

ಜಾಹೀರಾತಿಗೆ ಬೇರೆ ಕಾನೂನು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತ ಒಂದಿದೆ. ಜನರ ದಾರಿ ತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜೂನ್‌ನಲ್ಲಿ ಅದೇ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಓದಿದರೆ ನನ್ನ ಕೈಯಲ್ಲಿದ್ದ ತುಂಡನ್ನೇ ನೋಡಿ ಬರೆದ ಹಾಗಿದೆ. ಒಂದು ಬೆಲೆ ಹೇಳಿ ಜನರನ್ನು ಕರೆದರೆ ಆ ಬೆಲೆಗೆ ಮಾರುವಷ್ಟು ಮಾಲು ಇರಬೇಕು. ಸ್ಟಾಕ್ ಕಡಿಮೆ ಇದ್ದರೆ ಹಾಗಂತ ಜಾಹೀರಾತಿನಲ್ಲೇ ಹೇಳಬೇಕು. ಷರತ್ತು ಇದ್ದರೆ ಕಣ್ಣಿಗೆ ಕಾಣುವ ಹಾಗೆ ಇರಬೇಕು, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ಐದು ಜೋಡಿ ದೀಪ ಇಟ್ಟುಕೊಂಡು ನಾಲ್ಕು ಜಿಲ್ಲೆಗೆ ಡಂಗುರ ಹೊಡೆಯುವುದು, ಕನ್ನಡದ ರಿಯಾಯಿತಿಗೆ ಇಂಗ್ಲಿಷಿನ ಷರತ್ತು ಕಟ್ಟುವುದು ಎರಡೂ ಈ ಮಾರ್ಗಸೂಚಿಗೆ ವಿರುದ್ಧ.

ಆನ್‌ಲೈನ್ ಸೇಲಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದೊಂದು ಬೇರೆ ಪತ್ರವೇ ಆದೀತು. ಮಗಳು ಒಂದು ಗಾಳಿ ಪಂಪ್ ನೋಡಿ ಇಟ್ಟಿದ್ದಳು. ‘ಇನ್ನು 2 ಗಂಟೆ ಮಾತ್ರ’ ಅಂತ ಗಡಿಯಾರ ಓಡುತ್ತಿತ್ತು. ಮರುದಿನ ಅದೇ ಹೊತ್ತಿಗೆ ತೆಗೆದರೆ ಮತ್ತೆ 2 ಗಂಟೆ. ಐದು ದಿನ ನೋಡಿದಳು. ಇಂಥ ಸುಳ್ಳು ಅವಸರ ಹುಟ್ಟಿಸುವುದೂ ಸೇರಿ 13 ಬಗೆಯ ಮೋಸಗಳನ್ನು ಹೆಸರು ಹಿಡಿದು 2023ರ ನವೆಂಬರ್‌ನಲ್ಲಿ ಅದೇ ಗ್ರಾಹಕ ಪ್ರಾಧಿಕಾರ ಬೇಡ ಅಂದಿದೆ. ಗಡಿಯಾರ ಇನ್ನೂ ಓಡುತ್ತಿದೆ.

ಹಾಗೆಯೇ ಸೈಕಲ್ ಮತ್ತು ಅದರ ಬಿಡಿಭಾಗದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದನ್ನೇ ‘ನಮ್ಮ ಹಬ್ಬದ ಕೊಡುಗೆ’ ಅಂತ ಹಾಕಿಕೊಂಡ ಬೋರ್ಡನ್ನೂ ನೋಡಿದೆ. ತೆರಿಗೆ ಇಳಿಸಿದ್ದು ಸರಕಾರ. ಅದು ಗ್ರಾಹಕರಿಗೆ ಸಿಗಲೇಬೇಕಾದ ದುಡ್ಡು, ಅಂಗಡಿಯವರ ಉಡುಗೊರೆ ಅಂತ ಹೇಳುವುದು ಸರಿಯಲ್ಲ.

ಇಷ್ಟೆಲ್ಲ ಇದ್ದರೂ ಒಂದು ಕಡೆ ಬೇಲಿ ತೆರೆದೇ ಇದೆ. ನಮ್ಮಲ್ಲಿ ಗೀಟು ಎಳೆಯುವುದು ಎಂಆರ್‌ಪಿಗೆ. ಸೈಕಲ್ ಹೆಲ್ಮೆಟ್, ದೀಪ, ಜಾಕೆಟ್ ಇವಕ್ಕೆ ಎಂಆರ್‌ಪಿ ಎಷ್ಟು ಬರೆಯಬೇಕು ಅಂತ ತೀರ್ಮಾನ ಮಾಡುವುದು ತಯಾರಿಸಿದವರು ಅಥವಾ ಆಮದು ಮಾಡಿದವರು. 1,200ಕ್ಕೆ ಮಾರುವ ಮಾಲಿಗೆ ಮೊದಲೇ 2,999 ಅಂತ ಅಚ್ಚು ಹಾಕಿಸಿಬಿಟ್ಟರೆ ಸ್ಟಿಕರ್ ಅಂಟಿಸುವ ಕಷ್ಟವೂ ಇಲ್ಲ. ವರ್ಷವಿಡೀ ಶೇ 60 ರಿಯಾಯಿತಿ ಅಂತ ಮಾರಬಹುದು. ಒಂದೇ ಒಂದು ದಿನವೂ ಯಾರೂ 2,999 ಕೊಟ್ಟಿರುವುದಿಲ್ಲ. ಯುರೋಪಿನ ಒಕ್ಕೂಟದ ದೇಶಗಳಿಗೆ 2022ರ ಮೇ 28ರಿಂದ ಒಂದು ನಿಯಮ ಬಂದಿದೆ. ಬೆಲೆ ಇಳಿಸಿದ್ದೇವೆ ಅಂತ ಹೇಳಿದರೆ ಹಿಂದಿನ ಬೆಲೆ ಯಾವುದು ಅಂತ ತೋರಿಸಬೇಕು. ಹಿಂದಿನ ಬೆಲೆ ಅಂದರೆ ಅದಕ್ಕೂ ಮುಂಚಿನ ಕಡೇ ಪಕ್ಷ 30 ದಿನದಲ್ಲಿ ಆ ಅಂಗಡಿ ಹಾಕಿದ ಅತಿ ಕಡಿಮೆ ಬೆಲೆ. ಸೇಲಿಗೆ ಎರಡು ದಿನ ಮುಂಚೆ ಬೆಲೆ ಏರಿಸಿ ಆಮೇಲೆ ಗೀಟು ಎಳೆಯುವ ಆಟ ಅಲ್ಲಿ ನಡೆಯಬಾರದು ಅಂತ ಈ ಲೆಕ್ಕ. ನಮಗೂ ಬೇಕಾದದ್ದು ಇದೇ. ಗೀಟು ಎಳೆದ ಬೆಲೆ ನಿಜವಾಗಿ ಮಾರಿದ ಬೆಲೆ ಆಗಿರಬೇಕು, ನಮ್ಮ ಧಾರಣೆಯ ಹಾಗೆ. ಹೆಲ್ಮೆಟ್ ಸಿಗುವುದು ಆ ದೇಶಗಳ ಮಾನದಂಡದ ಪ್ರಕಾರ, ಬೆಲೆಯಲ್ಲೂ ಅವರ ಹಾಗೆ ಒಂದು ಕ್ರಮ ಇರಲಿ ಅಂತ ಕೇಳುವುದು ದೊಡ್ಡ ಮಾತೇನಲ್ಲ. ನಮ್ಮ ಸಂಸದರು, ಶಾಸಕರು ಈ ಪತ್ರ ಓದಿದರೆ ದಯವಿಟ್ಟು ಇದನ್ನು ಎತ್ತಲಿ.

ನಾನು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಬಿಲ್ಲು, ಜಾಹೀರಾತಿನ ತುಂಡು, ಸ್ಟಿಕರ್‌ನ ಫೋಟೋ ಎಲ್ಲ ಕಳಿಸಿ ದೂರಿನ ನಂಬರ್ ಪಡೆದಿದ್ದೇನೆ. ಅಲ್ಲಿ ಆಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ದೂರನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ವಖಾರಿಯಲ್ಲಿ ಗೆಳೆಯರು ‘ನೂರಿನ್ನೂರು ರೂಪಾಯಿ ವಿಷಯಕ್ಕೆ ಸುಮ್ನೆ ಯಾಕೆ’ ಅಂದರು. ಎಲ್ಲರೂ ಹಾಗೆ ಅಂದುಕೊಂಡು ಬಿಟ್ಟಿರುವುದರಿಂದಲೇ ಇದು ನಡೆಯುತ್ತಿದೆ. ನಾನು ಬಿಡುವುದಿಲ್ಲ.

ಇನ್ನು ನಿಮ್ಮಲ್ಲಿ ಕೇಳಬೇಕಾದದ್ದು. ಪತ್ರಿಕೆ ನಡೆಯುವುದು ಜಾಹೀರಾತಿನಿಂದ ಅಂತ ನನಗೆ ಗೊತ್ತಿದೆ. ನಾನು ಕೊಡುವ ಬೆಲೆಗೆ ಕಾಗದದ ಖರ್ಚೂ ಹುಟ್ಟುವುದಿಲ್ಲ ಅಂತಲೂ ಗೊತ್ತು. ‘ಜಾಹೀರಾತಿನ ವಿಷಯಕ್ಕೆ ಪತ್ರಿಕೆ ಹೊಣೆಯಲ್ಲ’ ಅನ್ನುವ ಸಾಲು ಎಷ್ಟೋ ವರ್ಷದಿಂದ ಓದುತ್ತಾ ಬಂದಿದ್ದೇನೆ. ಆದರೆ ನಾನು ಆ ಅಂಗಡಿಯನ್ನು ನಂಬಿ ಬಸ್ ಹತ್ತಿದವನಲ್ಲ, ಅಂಗಡಿ ನನಗೆ ಗೊತ್ತೇ ಇರಲಿಲ್ಲ. ನಿಮ್ಮ ಪತ್ರಿಕೆಯಲ್ಲಿ ಬಂದಿದೆ ಅಂತ ಹತ್ತಿದೆ. ನನ್ನ ಅಪ್ಪ ಧಾರಣೆ ನೋಡಲಿಕ್ಕೆ ಈ ಪತ್ರಿಕೆ ಹಾಕಿಸಲು ಶುರು ಮಾಡಿದರು. ಆಮೇಲೆ ನಾವು ನಿಲ್ಲಿಸಲೇ ಇಲ್ಲ.

ಆದ್ದರಿಂದ ಇಷ್ಟು ಮಾಡಿ. ರಿಯಾಯಿತಿಯ ಜಾಹೀರಾತು ತೆಗೆದುಕೊಳ್ಳುವಾಗ ಷರತ್ತುಗಳನ್ನು ಕನ್ನಡದಲ್ಲಿ, ಕಡೇ ಪಕ್ಷ ನಿಮ್ಮ ಸುದ್ದಿಯ ಅಕ್ಷರದಷ್ಟು ದೊಡ್ಡದಾಗಿ ಕೊಡಿ ಅಂತ ಹೇಳಿ. ನಮ್ಮ ಊರಿನ ಹಿರಿಯರು ಕನ್ನಡಕ ಹಾಕಿಕೊಂಡರೆ ಓದಲಿಕ್ಕೆ ಆಗಬೇಕು. ಚಿತ್ರ ಹಾಕಿದ ಸಾಮಾನು ಎಷ್ಟು ಇದೆ ಅಂತ ಒಂದು ಅಂಕಿ ಹಾಕಿಸಿ. ‘5 ಜೋಡಿ ಮಾತ್ರ’ ಅಂತ ಇದ್ದಿದ್ದರೆ ನಾನು ಹೊರಡುವ ಮುಂಚೆ ಒಂದು ಫೋನ್ ಮಾಡುತ್ತಿದ್ದೆ. ಗೀಟು ಎಳೆದ ಬೆಲೆಗೆ ಕೊನೆಯ ಸಲ ಯಾವಾಗ ಮಾರಿದ್ದೀರಿ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಆ ಅಂಕಿಯನ್ನು ಬಿಟ್ಟು ಮಾರುವ ಬೆಲೆ ಮಾತ್ರ ಹಾಕಿ. ಜೊತೆಗೆ ಆ ಪುಟದ ಒಂದು ಮೂಲೆಯಲ್ಲಿ 1915 ಅಂತ ಅಚ್ಚು ಹಾಕಿ. ಒಂದು ಇಂಚು ಜಾಗ ಸಾಕು.

ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಅದು ದೂರಿನಲ್ಲಿದೆ, ತೀರ್ಮಾನ ಆಗಲಿ. ಹಬ್ಬದ ವಾರ ಇಂಥ ಜಾಹೀರಾತು ಅವರೊಬ್ಬರದೇ ಬಂದದ್ದೂ ಅಲ್ಲ.

ಕೊನೆಗೆ ದೀಪದ ವಿಷಯ. ನಮ್ಮೂರ ಸೈಕಲ್ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ಸ್ಟಿಕರ್ ತೋರಿಸಿದೆ. ಅವರು ಏನೂ ಅನ್ನಲಿಲ್ಲ. ಹೆಲ್ಮೆಟ್ ತರಿಸಿಕೊಂಡು ನೋಡಿ, ಪಟ್ಟಿ ಗಲ್ಲದ ಕೆಳಗೆ ಸಡಿಲ ಇದೆ ಅಂತ ತಾವೇ ಮಗಳಿಗೆ ಸರಿ ಮಾಡಿಕೊಟ್ಟರು. ಹಿಂದಿನ ಕೆಂಪು ದೀಪ, ಮುಂದಿನ ಬಿಳಿ ದೀಪ ಎರಡೂ ತರಿಸಲಿಕ್ಕೆ ಹೇಳಿ ಬಂದಿದ್ದೇನೆ. ಎರಡೂ ಸೇರಿ 780 ರೂಪಾಯಿ. ಗುರುವಾರ ಬರುತ್ತದಂತೆ. ಅಲ್ಲಿಯವರೆಗೆ ಬಿಸಿಲು ಬಂದ ಮೇಲೆಯೇ ಸೈಕಲ್ ಹೊರಗೆ ತೆಗೆಯುತ್ತೇವೆ.

ಇದರ ಜೊತೆ ಬಿಲ್ಲಿನ ಪ್ರತಿ, ಡಬ್ಬಿಯ ಎರಡೂ ಬೆಲೆಯ ಫೋಟೋ, ನಿಮ್ಮ ಪತ್ರಿಕೆಯ ಆ ಅರ್ಧ ಪುಟ ಇಟ್ಟಿದ್ದೇನೆ. ಪುಟದ ತಳದ ಬೂದು ಸಾಲನ್ನು ಕೆಂಪು ಪೆನ್ನಿನಿಂದ ಗುರುತು ಮಾಡಿದ್ದೇನೆ. ನೀವೂ ಒಮ್ಮೆ ಬರಿಗಣ್ಣಿನಿಂದ ಓದಿ ನೋಡಿ.

ಇತಿ ನಿಮ್ಮ ಓದುಗ,
ಅಡಿಕೆ ವಖಾರಿಯ ಗುಮಾಸ್ತ,
ಶಿರಸಿ